ಬಾಗಿಲಲ್ಲಿ ನಿಂತ ಬೇಸ್

ನರಸಿಂಹರಾಜು ಬಸ್ಸು ಹತ್ತಿದನೆಂದರೆ ಕಂಡಕ್ಟರಿಗೆ ತಲೆನೋವು ಶುರುವಾಯಿತೆಂದೇ ಅರ್ಥ. ಮನುಷ್ಯ ಸಾಧು, ಕೊರಟಗೆರೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಯಾರೊಡನೆಯೂ ಏರುದನಿಯಲ್ಲಿ ಮಾತಾಡಿದವನಲ್ಲ. ತಕರಾರೆಲ್ಲ ಅವನ ಹೆಗಲ ಮೇಲಿನ ಚೀಲದ್ದು. ಆಳುದ್ದದ ಕಪ್ಪು ಚೀಲ. ಸೀಟಿನ ಕೆಳಗೆ ಹಿಡಿಯದು, ಮೇಲಿನ ಕಂಬಿಯ ಮೇಲೆ ನಿಲ್ಲದು, ಡ್ರೈವರ್ ಪಕ್ಕ ಇಟ್ಟರೆ ಗೇರು ಹಾಕಲು ಬಿಡದು. ಕೊನೆಗೆ ಅದನ್ನು ಎರಡು ಕೈಯಲ್ಲೂ ತಬ್ಬಿಕೊಂಡು, ಹಿಂದಿನ ಬಾಗಿಲ ಹತ್ತಿರ ಬೈಸಿಕೊಳ್ಳುತ್ತಾ, ಮಧುಗಿರಿಯಿಂದ ಪಾವಗಡದವರೆಗೂ ನಿಂತೇ ಹೋಗಬೇಕು.

ಅದರೊಳಗೆ ಇದ್ದದ್ದು ನಿಲ್ಲಿಸಿಕೊಂಡು ನುಡಿಸುವ ಎಲೆಕ್ಟ್ರಿಕ್ ಬೇಸ್. ಹಾಗೆಂದರೆ ಈ ಸೀಮೆಯಲ್ಲಿ ಯಾರಿಗೆ ತಿಳಿಯಬೇಕು ಹೇಳಿ! ಆಳೆತ್ತರದ ಪಿಟೀಲಿನ ಹೊಟ್ಟೆಯನ್ನೆಲ್ಲ ಕೊಯ್ದು ತೆಗೆದು ಬೆನ್ನುಮೂಳೆ ಮಾತ್ರ ಉಳಿಸಿದರೆ ಹೇಗಿರುತ್ತದೋ ಹಾಗೆ. ಒಂದು ಮರದ ಹಲಗೆ, ನಾಲ್ಕು ದಪ್ಪ ತಂತಿ, ಕೆಳಗೊಂದು ಕಬ್ಬಿಣದ ಕಾಲು, ಅಷ್ಟೇ. ಕರೆಂಟಿಲ್ಲದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ವೈರು ಚುಚ್ಚಿ ಸ್ಪೀಕರ್ ಹಾಕಿದರೆ ಅಡುಗೆಮನೆಯ ಲೋಟಗಳು ನಡುಗುತ್ತವೆ. ಬೆಂಗಳೂರಿನ ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಮುದುಕರೊಬ್ಬರು, ಬೆರಳು ಮಡಿಸಲಾಗದೆ ಅದನ್ನು ಮಾರಿದಾಗ, ರಾಜು ತಂದಿದ್ದ. ತಂದು ಹನ್ನೊಂದು ವರ್ಷ. ಅವತ್ತು ಹೆಂಡತಿ ರಾಧಾಮಣಿ ಚೀಲ ಬಿಚ್ಚಿ ನೋಡಿ, "ಇದೇನ್ರೀ, ಒನಕೆಗೆ ತಂತಿ ಕಟ್ಟಿಸ್ಕೊಂಡ್ ಬಂದಿದ್ದೀರಾ?" ಅಂದಿದ್ದಳು.

ಬಸ್ಸಿನ ಕಥೆಗಳಂತೂ ಮುಗಿಯುವಂಥವಲ್ಲ. ಒಮ್ಮೆ ಸಿದ್ದರಬೆಟ್ಟಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ಯಾವ ದ್ಯಾವ್ರಪ್ಪಾ, ಬಟ್ಟೆ ಸುತ್ಕೊಂಡ್ ಹೊರಟೈತೆ?" ಎಂದು ಕೇಳಿ, ಮುಡಿಯಲ್ಲಿದ್ದ ಹೂವನ್ನು ತೆಗೆದು ಅದರ ಮೇಲಿಟ್ಟಳು. ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನು ಹೆದರಿ, "ಏಮಿ ಸಾರ್ ಇದಿ, ಗನ್ನಾ?" ಅಂದ. ಸಿರಾದಲ್ಲಿ ಮುರಿದ ಕಬ್ಬಿಣದ ಕಾಲಿಗೆ ಬೆಸುಗೆ ಹಾಕಿಸಲು ಹೋದರೆ ವೆಲ್ಡಿಂಗ್ ಸಾಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅರೆ ಮೇಷ್ಟ್ರೇ, ಇದು ಬಾಜಾನಾ? ನಾನು ಬೋರ್‌ವೆಲ್ ಸಾಮಾನು ಅಂದ್ಕೊಂಡೆ" ಎಂದು ನಕ್ಕರು.

ಇದೆಲ್ಲ ರಾಜುವಿಗೆ ಒಳಗೊಳಗೇ ಖುಷಿ. ಯಾಕೆ ಗೊತ್ತೇ? ಈ ವಾದ್ಯ ಯಾರದು, ಯಾವ ಕೇರಿಯದು, ಯಾರ ಬಾಗಿಲಲ್ಲಿ ನಿಂತು ಬಾರಿಸುವಂಥದು ಎಂದು ನೋಡಿದ ಕೂಡಲೇ ಹೇಳಬಲ್ಲವರು ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ. ದೇವರು ಅನ್ನಲಿ, ಬಂದೂಕು ಅನ್ನಲಿ, ಒನಕೆ ಅನ್ನಲಿ, ಜಾತಿ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅವನಪ್ಪ ಓಬಳಯ್ಯನ ತಮಟೆಗೆ ಆ ಭಾಗ್ಯ ಇರಲಿಲ್ಲ.

ಓಬಳಯ್ಯ ಗೌಡಗೆರೆ ಕಡೆಯ ಹಳ್ಳಿಯವನು. ಅಪ್ಪನಿಂದ ಬಂದ ತಮಟೆ, ಅಪ್ಪನಿಂದ ಬಂದ ಜಾಗ. ಊರ ಯಜಮಾನರ ಮನೆಯಲ್ಲಿ ಮದುವೆಯಾದರೂ ಅವನೇ, ಸಾವಾದರೂ ಅವನೇ. ಮೂವತ್ತೆರಡು ವರ್ಷದ ಹಿಂದೆ ಸಿರಾದಲ್ಲಿ ನಡೆದ ಸಭೆಯೊಂದರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನು, ಅವತ್ತು ಸಂಜೆಯೇ ಕುಡುಗೋಲಿನಿಂದ ತಮಟೆಯ ಚರ್ಮ ಸೀಳಿ, ಅದರ ಮರದ ಬಳೆಯನ್ನು ನೀರೊಲೆಗೆ ತುರುಕಿದ. ಏಳನೇ ಕ್ಲಾಸಿನ ರಾಜು ಪಕ್ಕದಲ್ಲೇ ನಿಂತಿದ್ದ. "ಇದು ನಿನ್ ಕೈಗೆ ಬರಬಾರ್ದು ಕಣ್ಲಾ" ಅಂದಿದ್ದ ಅಪ್ಪ.

ಮಾರನೇ ವಾರವೇ ಯಜಮಾನರ ಮನೆಯಲ್ಲಿ ಮದುವೆ. ಮೂರು ಸಲ ಹೇಳಿ ಕಳಿಸಿದರು, ಓಬಳಯ್ಯ ಹೋಗಲಿಲ್ಲ. ಆಮೇಲೆ ಊರು ತನ್ನ ಕೆಲಸ ತೋರಿಸಿತು. ಎರಡು ವರ್ಷ ಯಾರೂ ಕೂಲಿಗೆ ಕರೆಯಲಿಲ್ಲ, ಊರ ಮಿಲ್ಲಿನಲ್ಲಿ ಅವರ ರಾಗಿ ಬೀಸಲಿಲ್ಲ. ರಾಜುವಿನ ತಾಯಿ ಈಶ್ವರಮ್ಮ ರಾಗಿ ಮೂಟೆ ತಲೆ ಮೇಲೆ ಹೊತ್ತು ಗೌಡಗೆರೆಗೆ ನಡೆದು ನಡೆದು ಸೊಂಟ ಬಿದ್ದುಹೋಯಿತು. ಆಕೆ ಈಗಿಲ್ಲ. ಇಷ್ಟೆಲ್ಲ ತೆತ್ತದ್ದು ಯಾತಕ್ಕೆಂದರೆ ಈ ಒಬ್ಬನ ಕೈಗೆ ಅದು ಬಾರದಿರಲಿ ಎಂದು.

ಹಾಗಾಗಿ ಮಗ ಬೇಸ್ ಹಿಡಿದದ್ದು ಓಬಳಯ್ಯನಿಗೆ ಸುತರಾಂ ಹಿಡಿಸಲಿಲ್ಲ. ಮಧುಗಿರಿಯಲ್ಲಿ ಮಗನ ಮನೆಯಲ್ಲೇ ಇದ್ದರೂ, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಪ್ರೋಗ್ರಾಂಗೆ ಹೋದವನಲ್ಲ. "ಕಂಡೋರ ಮದುವೇಲಿ ಬಡಿಯೋದು ಬಡಿಯೋದೇ ಕಣ್ಲಾ. ಕರೆಂಟ್ ಕೊಟ್ಟು ಬಡುದ್ರೇನು, ಕೋಲಲ್ಲಿ ಬಡುದ್ರೇನು?"

"ಇದು ಬೇರೆ ಅಪ್ಪ. ಇದನ್ನ ಸ್ಟೇಜ್ ಮ್ಯಾಲೆ ನಿಂತು ನುಡಿಸ್ತಾರೆ. ಜನ ಕೆಳಗ್ ಕೂತು ಕೇಳ್ತಾರೆ" ಎಂದು ರಾಜು ಎಷ್ಟು ಸಲ ಹೇಳಿದ್ದಾನೋ. ಮುದುಕ ಎದ್ದು ಹೋಗುತ್ತಿದ್ದ. ಆ ಎದ್ದು ಹೋಗುವುದು ರಾಜುವಿನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಒಂದೇ ಒಂದು ಸಲ ಅಪ್ಪ ನಾಲ್ಕು ಜನರ ಮುಂದೆ ಕುರ್ಚಿಯ ಮೇಲೆ ಕೂತು ತಾನು ನುಡಿಸುವುದನ್ನು ಕೇಳಬೇಕು, ಇದು ಅದಲ್ಲ ಎಂದು ಅವನ ಬಾಯಿಂದ ಬರಬೇಕು, ಅಷ್ಟೇ ಅವನ ಆಸೆ. ಇಲ್ಲದಿದ್ದರೆ ಬೇಸ್ ಇದ್ದೂ ಇಲ್ಲದ ಹಾಗೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಅವನು ನುಡಿಸುತ್ತಿದ್ದದ್ದು ಬಸವೇಶನ ಆರ್ಕೆಸ್ಟ್ರಾದಲ್ಲಿ. ಬಸವೇಶನದು ಮಧುಗಿರಿಯಲ್ಲಿ ಮೊಬೈಲ್ ಅಂಗಡಿ, ಕೀಬೋರ್ಡ್ ನುಡಿಸುತ್ತಾನೆ, ಮಾತು ಜಾಸ್ತಿ, ಗೆಳೆತನಕ್ಕೆ ಮೋಸವಿಲ್ಲ ಎಂದು ರಾಜು ನಂಬಿದ್ದ. ಬೇಸ್ ನುಡಿಸುವವನ ಹಣೆಬರಹ ನಿಮಗೆ ಗೊತ್ತಿಲ್ಲದ್ದೇನಲ್ಲ. ಜನ ಹಾಡುವವಳನ್ನು ನೋಡುತ್ತಾರೆ, ಡ್ರಮ್ಮಿನವನಿಗೆ ಶಿಳ್ಳೆ ಹಾಕುತ್ತಾರೆ. ಮೂಲೆಯಲ್ಲಿ ನಿಂತವನು ಏನು ಮಾಡುತ್ತಿದ್ದಾನೆಂದು ಯಾರಿಗೂ ಬೇಕಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಏನೋ ಕಡಿಮೆಯಾಯಿತೆಂದು ಎಲ್ಲರಿಗೂ ಅನ್ನಿಸುತ್ತದೆ.

ಹೀಗಿರುವಾಗ ಬಸವೇಶ ಫೋನ್ ಮಾಡಿದ. "ಲೋ ರಾಜು, ನಿಮ್ಮೂರಲ್ಲೇ ಪ್ರೋಗ್ರಾಂ ಬಂದಿದೆ ಕಣೋ! ಮರುಳಸಿದ್ದಯ್ಯನವರ ಮೊಮ್ಮಗನ ಮದುವೆ. ಇನ್ನೊಂದ್ ವಿಷ್ಯ ಕೇಳು, ಯಜಮಾನರು ನಿನ್ನ ಹೆಸರು ಹಿಡಿದು ಕೇಳಿದ್ರು. ಆ ಉದ್ದನೇ ವಾದ್ಯ ನುಡಿಸ್ತಾನಲ್ಲ, ನಮ್ ಓಬಳಯ್ಯನ ಮಗ, ಅವನು ಬರಲೇಬೇಕು ಅಂದ್ರು. ಹೆಣ್ಣು ಮನೆ ತುಂಬೋ ಹೊತ್ತಿಗೆ ಮೊದಲು ನಿಂದೊಬ್ಬಂದೇ. ಹತ್ತು ನಿಮಿಷ. ಸೋಲೋ!"

ಹನ್ನೊಂದು ವರ್ಷದಲ್ಲಿ ಬೇಸನ್ನೇ ಕೇಳಿ ಕರೆದವರು ಇವರೊಬ್ಬರೇ. ಅದೂ ಯಾರು? ಅಪ್ಪ ತಮಟೆ ಬಿಟ್ಟುಬಂದ ಆ ಯಜಮಾನರ ಮನೆಯವರು! ರಾಜುವಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಯಾಕೆ ಕೇಳಿದರು, ಎಲ್ಲಿ ನಿಲ್ಲಿಸುತ್ತಾರೆ ಎಂದು ಒಂದು ಮಾತು ಕೇಳಬೇಡವೇ? ಮಕ್ಕಳಿಗೆ ಪ್ರತಿ ಹೆಜ್ಜೆಗೂ ಕಾರಣ ಬರೆಯಿರಿ ಎಂದು ಪಾಠ ಮಾಡುವ ಮನುಷ್ಯ ಅದೊಂದನ್ನು ಕೇಳಲಿಲ್ಲ.

ಅಪ್ಪನ ಮುಂದೆ ಹೋಗಿ ನಿಂತ. "ಅಪ್ಪ, ಮರುಳಸಿದ್ದಯ್ನೋರ ಮನೆ ಮದುವೆ ಐತೆ. ನಾನೇ ಬರಬೇಕಂತೆ."

ಮುದುಕ ಕಡ್ಲೆಕಾಯಿ ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ. "ಅವ್ರ ಮನೆ ಬಾಗ್ಲಲ್ಲಾ?"

"ಬಾಗ್ಲಲ್ ಯಾಕಪ್ಪ? ಸ್ಟೇಜ್ ಮ್ಯಾಲೆ. ಶಾಮಿಯಾನ ಹಾಕ್ತಾರೆ. ನೀನು ಮುಂದಿನ ಸಾಲಲ್ಲಿ ಕುರ್ಚಿ ಮ್ಯಾಲೆ ಕೂತ್ಕೊಂಡು ಕೇಳ್ಬೇಕು. ಅವರ ಮುಂದೇನೇ ಕೂತ್ಕೊಂಡು."

"ಅವ್ರೇ ಕೇಳಿದ್ರಾ? ನಿನ್ ಹೆಸ್ರು ಹೇಳಿ?"

"ಹೂಂ ಅಪ್ಪ. ನನ್ ಹೆಸ್ರು ಹೇಳಿ."

"ಕುರ್ಚಿ ಮ್ಯಾಲೆ ಅಂದ್ಯಲ್ಲ, ಪೂರಾ ಮುಗಿಯೋಗಂಟ ಕೂತಿರಬೋದಾ?" ಎಂದು ಮುದುಕ ಕೇಳಿದ. ಕೂತಿರಬಹುದು ಎಂದು ರಾಜು ಆಣೆ ಮಾಡಿ ಹೇಳಿದ. "ಆಯ್ತು ಬುಡು. ಬತ್ತೀನಿ" ಅಂದ ಓಬಳಯ್ಯ. ಅವತ್ತು ರಾತ್ರಿ ರಾಜು ಊಟವನ್ನೂ ಸರಿಯಾಗಿ ಮಾಡಲಿಲ್ಲ, ಅಷ್ಟು ಸಂತೋಷ.

ಮದುವೆಯ ದಿನ ಬೆಳಿಗ್ಗೆ ಮುದುಕ ನುಣ್ಣಗೆ ಗಡ್ಡ ಹೆರೆಸಿಕೊಂಡು ಬಂದ. ರಾಧಾಮಣಿ ಬಿಳಿ ಅಂಗಿ, ಬಿಳಿ ಪಂಚೆ ಇಸ್ತ್ರಿ ಮಾಡಿ ಕೊಟ್ಟಳು. ಟೆಂಪೋದಲ್ಲಿ ಬಸವೇಶನ ಹುಡುಗರ ಜೊತೆ ಕಿಟಕಿ ಪಕ್ಕ ಕೂತು, ಸಿರಾ ದಾಟಿದ ಮೇಲೆ, ಯಾವ ಹೊಲ ಯಾರದಾಗಿತ್ತು, ಯಾವ ಬಾವಿ ಯಾವಾಗ ಬತ್ತಿತು ಎಂದು ಅವನೇ ಎಲ್ಲರಿಗೂ ಹೇಳುತ್ತಾ ಬಂದ. ಅಪ್ಪ ಇಷ್ಟು ಮಾತಾಡಿದ್ದನ್ನು ರಾಜು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಊರಲ್ಲಿ ಟೆಂಪೋ ನಿಂತ ಕೂಡಲೇ ಮರುಳಸಿದ್ದಯ್ಯನವರೇ ಎದುರಿಗೆ ಬಂದರು. ಎಪ್ಪತ್ತು ದಾಟಿದ ಆಸಾಮಿ, ಹಣೆ ತುಂಬ ವಿಭೂತಿ, ಮುಖ ತುಂಬ ನಗು. ಓಬಳಯ್ಯನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ಬಾರಪ್ಪಾ ಓಬಳಯ್ಯ! ಎಷ್ಟ್ ವರ್ಸ ಆಗೋಯ್ತು! ನಮ್ ಕಾಲದೋರು ಇನ್ ಯಾರವ್ರೆ ಹೇಳು?" ಎಂದು ತಾವೇ ನಡೆಸಿಕೊಂಡು ಹೋಗಿ, ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂರಿಸಿದರು. ಬಾದಾಮಿ ಹಾಲು ತರಿಸಿ ಕೊಟ್ಟರು. ಓಬಳಯ್ಯ ಮೊದಲು ಕುರ್ಚಿಯ ತುದಿಯಲ್ಲಿ ಕೂತಿದ್ದವನು, ಮೆಲ್ಲಗೆ ಬೆನ್ನು ಹಿಂದಕ್ಕೆ ಒರಗಿಸಿದ. ರಾಜು ಅದನ್ನೇ ನೋಡುತ್ತಾ ನಿಂತ. ಅಮ್ಮ ಇರಬೇಕಿತ್ತು ಅಂದುಕೊಂಡ.

ಚೀಲ ಹೊತ್ತು ಸ್ಟೇಜಿಗೆ ಹೋದರೆ ಅವನ ಜಾಗದಲ್ಲಿ ವೈರಿಲ್ಲ, ಸ್ಪೀಕರಿಲ್ಲ. "ನಿಂದು ಇಲ್ಲಿಲ್ಲ ಕಣೋ, ಆಚೆ" ಅಂದ ಬಸವೇಶ, ಕೀಬೋರ್ಡಿನ ಪಿನ್ನು ಚುಚ್ಚುತ್ತಾ. ಉದ್ದನೆಯ ವೈರೊಂದು ಸ್ಟೇಜಿನಿಂದ ಇಳಿದು, ಶಾಮಿಯಾನ ದಾಟಿ, ಕಾಂಪೌಂಡಿನ ಗೇಟು ದಾಟಿ ಹೊರಗೆ ಹೋಗಿತ್ತು. ರಾಜು ಅದನ್ನೇ ಹಿಡಿದು ನಡೆದ. ಗೇಟಿನಾಚೆ ಹುಣಸೆಮರ. ಮರದ ಬುಡದಲ್ಲಿ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಒಂದು ಸ್ಪೀಕರ್ ಡಬ್ಬ. ಆ ಜಾಗ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳು ವರ್ಷದವನಾಗಿದ್ದಾಗ ಆ ಬೇರಿನ ಮೇಲೆ ಕೂತು, ಅಪ್ಪ ಬಾರಿಸಿ ಮುಗಿಸಲಿ ಎಂದು ಬಿಸಿಲಲ್ಲಿ ಕಾದಿದ್ದ.

ಹಿಂದೆಯೇ ಬಸವೇಶ ಬಂದ. "ಯಾಕೋ ಹಂಗೆ ನೋಡ್ತೀಯ? ಹೆಣ್ಣು ಮನೆ ತುಂಬೋವಾಗ ಬಾಗಿಲಲ್ಲಿ ಶಬ್ದ ಆಗ್ಬೇಕಂತೆ. ಅವರ ಮನೆ ಪದ್ಧತಿ. ಹತ್ತು ನಿಮಿಷ ಕಣೋ, ಆಮೇಲೆ ಸ್ಟೇಜಿಗೆ ಬಂದ್ಬಿಡು."

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತಪ್ಪ. ಅದರಲ್ಲೇನಿದೆ? ನೀನು ನುಡಿಸೋದು ಫಾರಿನ್ ವಾದ್ಯ, ಎಲ್ಲಿ ನಿಂತ್ರೂ ಫಾರಿನ್ನೇ!" ಎಂದು ಬೆನ್ನು ತಟ್ಟಿದ. ಅಬ್ಬಾ, ಆ ಬೆನ್ನು ತಟ್ಟುವ ಕೈಯನ್ನು ಮುರಿದುಬಿಡಬೇಕೆನ್ನಿಸಿತು ರಾಜುವಿಗೆ.

ಅಷ್ಟರಲ್ಲಿ ಮರುಳಸಿದ್ದಯ್ಯನವರೂ ಬಂದರು. "ನೋಡಪ್ಪಾ ರಾಜು, ಮೂವತ್ತೆರಡು ವರ್ಸದಿಂದ ನಮ್ಮನೆ ಬಾಗ್ಲು ಮೂಕಾಗಿತ್ತು. ನಿಮ್ಮಪ್ಪ ಬುಟ್ಬುಟ್ಟ. ತಪ್ಪು ಅನ್ನಾಕಿಲ್ಲ ನಾನು. ಚರ್ಮದ್ದು ಬ್ಯಾಡ ಅಂದ, ಸರಿ, ಅವನ ಇಷ್ಟ. ಬ್ಯಾರೆ ಊರಿಂದ ತಮಟೆಯೋರನ್ನ ಕರೆಸ್ದೆ, ಬ್ಯಾಂಡ್‌ಸೆಟ್ ಕರೆಸ್ದೆ. ಯಾವುದೂ ಮನಸ್ಸಿಗೆ ಬರ್ಲಿಲ್ಲ. ನಿಮ್ಮನೆಯೋರೇ ಆಗ್ಬೇಕು ಕಣಪ್ಪ. ಈಗ ನಿಂದು ಕರೆಂಟಿಂದು. ಚರ್ಮ ಇಲ್ಲ, ಏನಿಲ್ಲ. ಇದಕ್ಕೆ ಯಾರಾನಾ ಒಂದ್ ಮಾತು ಅಂತಾರಾ? ಆ ದೇವ್ರೇ ದಾರಿ ತೋರಿಸ್ದ ಅಂದ್ಕೊಂಡೆ."

ಹೇಳುವಾಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದೇ ಕಷ್ಟ ನೋಡಿ! ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನೂಕಿದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು. ಪ್ರೀತಿಯಿಂದ ತಂದು ಹಳೇ ಜಾಗದಲ್ಲೇ ನಿಲ್ಲಿಸುವವರಿಗೆ ಏನು ಹೇಳುವುದು? ಈ ಬೇಸಿಗೆ ಜಾತಿಯಿಲ್ಲ ಎಂದು ಹನ್ನೊಂದು ವರ್ಷ ಹೊತ್ತು ತಿರುಗಿದ್ದ ಮೂರ್ಖನಿಗೆ, ಜಾತಿ ಇದ್ದದ್ದು ತಮಟೆಗಲ್ಲ, ಹಿಡಿದವನ ಕೈಗೆ ಎಂಬುದು ಈಗ ಕಂಡಿತು.

ಆಗಲ್ಲ ಎಂದು ಹೇಳಿ ಚೀಲ ಕಟ್ಟಬಹುದಿತ್ತು. ಹೇಳಿದರೆ ಗಲಾಟೆಯಾಗುತ್ತದೆ. ಗಲಾಟೆಯಾದರೆ ಅಪ್ಪ ಆ ಕುರ್ಚಿಯಿಂದ ಏಳಬೇಕಾಗುತ್ತದೆ, ಎಲ್ಲರೂ ನೋಡುತ್ತಿರುವಾಗ, ಈಗ ತಾನೇ ಬೆನ್ನು ಒರಗಿಸಿದ ಕುರ್ಚಿಯಿಂದ. ಶಾಮಿಯಾನದೊಳಗಿಂದ ಹುಣಸೆಮರ ಕಾಣುವುದಿಲ್ಲ, ಸದ್ದು ಎಲ್ಲಿಂದ ಬಂತೆಂದು ಅಪ್ಪನಿಗೆ ತಿಳಿಯುವುದಿಲ್ಲ, ಹತ್ತು ನಿಮಿಷ ಕಣ್ಣುಮುಚ್ಚಿಕೊಂಡು ನುಡಿಸಿ ಸ್ಟೇಜಿಗೆ ಹೋದರಾಯಿತು ಎಂದು ರಾಜು ತನಗೆ ತಾನೇ ಹೇಳಿಕೊಂಡ. ಥೂ, ಎಂಥ ಬುದ್ಧಿ! ಕಬ್ಬಿಣದ ಕಾಲನ್ನು ಮಣ್ಣಿಗೆ ಊರಿ, ವೈರು ಚುಚ್ಚಿದ.

ಹದಿನೈದು ದಿನದಿಂದ ಅಭ್ಯಾಸ ಮಾಡಿದ್ದ ನಿಧಾನದ ರಾಗವೊಂದಿತ್ತು. ಅದನ್ನೇ ಶುರು ಮಾಡಿದ. ಬಯಲಿನಲ್ಲಿ ಅದು ಹಾಗೇ ಕರಗಿಹೋಯಿತು. ಹೆಣ್ಣಿನ ಕಾರು ಬಂದು ನಿಂತಿತ್ತು, ಗಂಡಿನ ಗೆಳೆಯರು ಕುಣಿಯಲು ಸೊಂಟಕ್ಕೆ ಟವೆಲು ಬಿಗಿದು ನಿಂತಿದ್ದರು. "ಅಂಗಲ್ಲ ಮೇಷ್ಟ್ರೇ! ಹೆಜ್ಜೆ ಹಾಕಂಗೆ ಬಾರ್ಸಿ!" ಎಂದು ಒಬ್ಬ ಕೂಗಿದ. "ಅಯ್ಯೋ, ಗೊರಕೆ ಹೊಡ್ಯಂಗೈತೆ!" ಎಂದ ಇನ್ನೊಬ್ಬ. ನಗು ಎದ್ದಿತು.

ಬೆರಳು ಆಗ ತಾನಾಗಿಯೇ ತಿರುಗಿತು. ಯಾರೂ ಕಲಿಸಿದ್ದಲ್ಲ, ಆ ಬೇರಿನ ಮೇಲೆ ಕೂತು ಕೇಳಿ ಕೇಳಿ ಕಿವಿಗೆ ಹತ್ತಿದ್ದು. ಡಣ್ ಡಕಣಕ ಡಣ್. ದಪ್ಪ ತಂತಿಯ ಮೇಲೆ ಅಂಗೈಯಲ್ಲಿ ಹೊಡೆದು, ಬೆರಳಲ್ಲಿ ಎಳೆದ. ಸ್ಪೀಕರ್ ಗುಡುಗಿತು. ಹುಡುಗರು ಶಿಳ್ಳೆ ಹಾಕಿ ಧೂಳೆಬ್ಬಿಸಿದರು. ಮರುಳಸಿದ್ದಯ್ಯನವರು ಕಣ್ಣು ಮುಚ್ಚಿ ತಲೆದೂಗಿ, "ಅದೇ! ಅದೇ! ಓಬ್ಳನ ಪೆಟ್ಟೇ ಅದು!" ಎಂದು ಪಕ್ಕದವರಿಗೆಲ್ಲ ಕೇಳುವಂತೆ ಹೇಳಿದರು. ರಾಜು ನುಡಿಸಿದ್ದನ್ನು ಇಷ್ಟು ಜನ ಯಾವತ್ತೂ ಮೆಚ್ಚಿರಲಿಲ್ಲ. ನಾಚಿಕೆಯಿಂದ ಕಿವಿ ಉರಿಯುತ್ತಿತ್ತು.

ಒಳಗೆ ಕೂತಿದ್ದ ಓಬಳಯ್ಯನಿಗೆ ಅದು ಯಾರ ಪೆಟ್ಟೆಂದು ಗೊತ್ತಾಗದೆ ಹೋದೀತೇ? ಗೇಟಿನಲ್ಲಿ ಬಿಳಿ ಅಂಗಿ ಕಂಡಿತು. ಮುದುಕ ಜನರನ್ನು ಸರಿಸಿಕೊಂಡು ಬರುತ್ತಿದ್ದ. ಬರಲಿ, ಬಂದು ವೈರು ಕಿತ್ತು ಬಿಸಾಕಲಿ, ಕೆನ್ನೆಗೆ ಬಾರಿಸಲಿ ಎಂದು ರಾಜು ಮನಸಾರೆ ಬೇಡಿಕೊಂಡ. ಓಬಳಯ್ಯ ಬಂದವನು ಅದೇನೂ ಮಾಡಲಿಲ್ಲ. ಮಗನನ್ನು ನೋಡಿದ, ಮರವನ್ನು ನೋಡಿದ, ಸುಮ್ಮನೆ ನಿಂತ.

ಹೆಣ್ಣು ಹೊಸ್ತಿಲು ದಾಟಿತು. ಯಜಮಾನರ ಹೆಂಡತಿ ಜಗದಾಂಬ ಮೊರ ಹಿಡಿದು ಗೇಟಿಗೆ ಬಂದರು. ಮೊರದ ತುಂಬ ಅಕ್ಕಿ, ಮೇಲೆ ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ. ಬಾಗಿಲಲ್ಲಿ ಬಾರಿಸಿದವನಿಗೆ ಕೊಡುವ ಪಡಿ ಅದು. ಕೈಗೆ ಕೊಡುವುದಿಲ್ಲ, ಮುಟ್ಟುವುದಿಲ್ಲ, ಅವನು ಬಗ್ಗಿ ಹೆಗಲ ವಲ್ಲಿಬಟ್ಟೆ ಚಾಚಬೇಕು, ಇವರು ಮೇಲಿಂದ ಸುರಿಯಬೇಕು. ಮರುಳಸಿದ್ದಯ್ಯನವರು ಹೊಸ ಟವೆಲೊಂದನ್ನು ತಂದು ರಾಜುವಿನ ಹೆಗಲ ಮೇಲೆ ಹಾಕಿದರು. "ನಿಲ್ಸಪ್ಪಾ ಸಾಕು. ಎರಡ್ ಕೈಲೂ ಹಿಡಿ. ಶಾಸ್ತ್ರ ಮುಗ್ಸಿಬುಡಾನ, ಊಟಕ್ಕೆ ಹೊತ್ತಾಯ್ತು."

ರಾಜುವಿನ ಬೆರಳು ನಿಲ್ಲುವುದರಲ್ಲಿತ್ತು.

"ನಿಲ್ಲಿಸ್ಬ್ಯಾಡ" ಅಂದ ಓಬಳಯ್ಯ.

ಮಗನಿಗೂ ಮೊರಕ್ಕೂ ನಡುವೆ ಬಂದು ನಿಂತ. ಮಗನ ಹೆಗಲಿನ ಟವೆಲನ್ನು ತಾನೇ ತೆಗೆದುಕೊಂಡು, ಎರಡು ಕೈಯಲ್ಲೂ ಅಗಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಬೆನ್ನು ಬಗ್ಗಿಸಿದ. "ಹಾಕಿ ಬುದ್ಧಿ" ಅಂದ. ಮೂವತ್ತೆರಡು ವರ್ಷದಿಂದ ಆ ಬಾಯಿ ಯಾರನ್ನೂ ಬುದ್ಧಿ ಅಂದಿರಲಿಲ್ಲ. "ಇಲ್ಲಿಗೇ ಹಾಕಿ."

ಮರುಳಸಿದ್ದಯ್ಯನವರಿಗೆ ಗಲಿಬಿಲಿಯಾಯಿತು. "ಅವನಿಗೆ ಹಾಕ್ಬೇಕು ಕಣೋ ಓಬ್ಳ. ಬಾರ್ಸ್ದೋನು ಅವ್ನು."

"ಅವನ್ ಕೈ ಬುಡುವಿಲ್ಲ ಬುದ್ಧಿ. ನಂದು ಬುಡುವಾಗೈತೆ."

"ಅಪ್ಪಾ, ಬ್ಯಾಡ. ಎದ್ದೇಳು, ಹೋಗಾನ" ಅಂದ ರಾಜು.

ಓಬಳಯ್ಯ ತಿರುಗಿ ನೋಡಲಿಲ್ಲ. ಬಗ್ಗಿದವನು ಬಗ್ಗಿದ ಹಾಗೇ, ಮಗನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: "ಬಾರ್ಸು ಕಣ್ಲಾ. ನೀನು ಕೈ ಖಾಲಿ ಮಾಡ್ಕೊಂಡ್ಯೋ, ನಿನ್ ಕೈಗೇ ಹಾಕ್ತಾರೆ."

ಜಗದಾಂಬ ಮೊರ ಎತ್ತಿ ಓರೆ ಮಾಡಿದರು. ರಾಜು ನುಡಿಸಿದ. ಕಣ್ಣಿಂದ ನೀರಿಳಿದು ಬಾಯಿಗೆ ಬರುತ್ತಿದ್ದರೂ ಒರೆಸಿಕೊಳ್ಳಲು ಕೈ ಬಿಡದೆ, ಕೊನೆಯ ಕಾಳು ಬೀಳುವವರೆಗೂ ನುಡಿಸಿದ.